ಇಲ್ಲದ ದೃಶ್ಯದ ವಿಮರ್ಶೆ

ಲಿಫ್ಟಿನಲ್ಲಿ ಪಕ್ಕಕ್ಕೆ ನಿಂತಿದ್ದ ಮೇಲಿನ ಮನೆಯಾತ ಫೋನು ನೋಡುತ್ತಾ ಮುಖ ಕಿವುಚುತ್ತಿದ್ದ. ಸಂಕಲನಕಾರ್ತಿ ಸುಮ್ಮನೆ ಅತ್ತ ಕಣ್ಣು ಹಾಯಿಸಿದಳು. ಅಲ್ಲಿ ಓಡುತ್ತಿದ್ದದ್ದು ಇನ್ನೂ ಬಿಡುಗಡೆಯೇ ಆಗದ ಚಿತ್ರ—ತಿಂಗಳುಗಟ್ಟಲೆ ಕೂತು ಅವಳೇ ಕತ್ತರಿಸಿ ಜೋಡಿಸಿದ ಚಿತ್ರ. ಅದರಲ್ಲೂ ಯಾವ ಭಾಗ? ದೆವ್ವ ದರ್ಜಿಯ ಬೆರಳುಗಳನ್ನು ಹೊಲಿಗೆ ಯಂತ್ರದ ಸೂಜಿಗೆ ಒಡ್ಡುವ ಭಾಗ. ಅದನ್ನು ನಿನ್ನೆ ಬೆಳಿಗ್ಗೆಯಷ್ಟೇ ಅವಳು ತೆಗೆದುಹಾಕಿದ್ದಳು.

“ಇದೆಲ್ಲಿ ಸಿಕ್ತು?”

“ಎಲ್ಲರ ಹತ್ರಾನೂ ಇದೆಯಲ್ಲಮ್ಮ. ನಮ್ಮತ್ತೆ ಕಳಿಸಿದ್ರು.”

ಕಚೇರಿ ಮುಟ್ಟುವಷ್ಟರಲ್ಲಿ ನಿರ್ದೇಶಕರು ಬೆಂಕಿಯಾಗಿದ್ದರು. ಹಣ ಹಾಕಿದವರೂ ಅವರೇ. ಮೊದಲ ಭಾಗ ಬಂದಾಗ ಪತ್ರಿಕೆಗಳು ಅವರನ್ನು ಕಟುಕ ಎಂದು ಕರೆದಿದ್ದವು. ಜನ ಮಾತ್ರ ಮುಗಿಬಿದ್ದಿದ್ದರು. ಎರಡನೇ ಭಾಗಕ್ಕೆ ಎರಡೂ ಕಡೆಯವರು ಒಲಿಯಲಿ ಎಂಬ ಆಸೆ. ಅದಕ್ಕೇ ನಿನ್ನೆ ಬೆಳಿಗ್ಗೆ ಆ ಹೊಲಿಗೆ ಯಂತ್ರದ ದೃಶ್ಯವನ್ನು ತೆಗೆಸಿ, ಸಂಜೆ ವಿಮರ್ಶಕರಿಗೂ ಆಯ್ದ ಪ್ರೇಕ್ಷಕರಿಗೂ ಚಿತ್ರ ತೋರಿಸಿದ್ದರು. ತೆಗೆದ ಸಂಗತಿ ನಿರ್ದೇಶಕರನ್ನೂ ಅವಳನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಈಗ ಊರೆಲ್ಲ ಹರಿದಾಡುತ್ತಿದ್ದದ್ದು ತೆಗೆಯುವುದಕ್ಕೆ ಮುಂಚಿನ ಪ್ರತಿ. ಅದು ಇದ್ದದ್ದು ಸಂಕಲನದ ಕೋಣೆಯ ಕಂಪ್ಯೂಟರಿನಲ್ಲಿ ಮಾತ್ರ. ಕೋಣೆಯ ಬೀಗದ ಕೈ ಒಂದು ಅವಳ ಹತ್ತಿರ, ಇನ್ನೊಂದು ನಿರ್ದೇಶಕರ ಮನೆಯಲ್ಲಿ.

“ದೃಶ್ಯ ತೆಗಿ ಅಂದಾಗ ಮುಖ ಊದಿಸ್ಕೊಂಡಿದ್ದು ನೀನೇ ಅಲ್ವಾ? ಸೇಡು ತೀರಿಸ್ಕೊಂಡೆ,” ಎಂದರು ನಿರ್ದೇಶಕರು.

ಇವಳು ಬರುವ ಮೊದಲೇ ಅವರು ತಮ್ಮ ಬಳಗದ ನಿರ್ಮಾಪಕರಿಗೆಲ್ಲ ಫೋನು ಮಾಡಿ, ಚಿತ್ರ ಕದ್ದವಳು ಇವಳೇ ಎಂದು ಹೇಳಿ ಆಗಿತ್ತು. ಕಳ್ಳಿ ಎಂಬ ಹೆಸರು ಬಂದ ಮೇಲೆ ಈ ಕಸುಬಿನಲ್ಲಿ ಯಾರು ಕರೆಯುತ್ತಾರೆ?

ಮಧ್ಯಾಹ್ನದ ಹೊತ್ತಿಗೆ ಗೋಜಲು ಇನ್ನಷ್ಟು ಹೆಚ್ಚಿತು. ನಿನ್ನೆ ಬಂದಿದ್ದವರ ಅಭಿಪ್ರಾಯಗಳು ಒಂದೊಂದಾಗಿ ಹೊರಬಿದ್ದವು—ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬ, ಮೊದಲ ಭಾಗದ ಮುಂದೆ ಇದು ಜೋಗುಳ ಎಂದಿದ್ದ. ಒಬ್ಬಾಕೆ, ರಕ್ತ ನೋಡಿ ನೋಡಿ ಊಟ ಸೇರಲಿಲ್ಲ ಎಂದಿದ್ದಳು. ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಗಂಡ ಬಿದ್ದು ಬಿದ್ದು ನಕ್ಕನಂತೆ. ಎಲ್ಲಕ್ಕಿಂತ ವಿಚಿತ್ರ ಹಿರಿಯ ವಿಮರ್ಶಕರದು: ‘ಹೊಲಿಗೆ ಯಂತ್ರದ ದೃಶ್ಯ ನನ್ನ ನಿದ್ದೆ ಕೆಡಿಸಿತು.’

ನಿನ್ನೆ ತೋರಿಸಿದ ಚಿತ್ರದಲ್ಲಿ ಆ ದೃಶ್ಯವೇ ಇರಲಿಲ್ಲ!

“ಇವನಿಗೇ ಮಾರಿದೀಯ,” ಎಂದರು ನಿರ್ದೇಶಕರು. ಅವಳಿಗೆ ತಾನೇ ಮರೆತು ಆ ದೃಶ್ಯವನ್ನು ಒಳಗೆ ಉಳಿಸಿದೆನೇನೋ ಎಂದು ತನ್ನ ಮೇಲೇ ಅನುಮಾನ ಬಂತು.

ನಿರ್ದೇಶಕರು ಕರೆಸಿದ ಪತ್ತೇದಾರರು ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದವರು. ದಪ್ಪ ದೇಹ, ನಿಧಾನದ ಮಾತು. ಅವಳು ಚಿತ್ರ ಹಾಕುತ್ತೇನೆಂದರೆ ಬೇಡವೆಂದರು.

“ಕೆಲಸದಲ್ಲಿದ್ದಾಗ ಸಂಬಳ ತಗೊಂಡು ನೋಡಿದ್ದೇ ಸಾಕಷ್ಟಾಯ್ತು ತಾಯಿ. ನೋಡೋರ ಮುಖ ತೋರಿಸಿ.”

ಅದಕ್ಕೂ ದಾರಿಯಿತ್ತು. ಜನ ಹೆದರುವುದನ್ನು ಪ್ರಚಾರಕ್ಕೆ ಬಳಸಲು ಪರದೆಯ ಕೆಳಗೆ ಕತ್ತಲಲ್ಲೂ ಕಾಣುವ ಕ್ಯಾಮೆರಾ ಇಟ್ಟು, ಪ್ರೇಕ್ಷಕರ ಮುಖಗಳನ್ನು ಚಿತ್ರೀಕರಿಸಿದ್ದರು. ಇದು ನಿರ್ದೇಶಕರ ಅಳಿಯನ ಏರ್ಪಾಡು. ಮಾವನ ಮನೆಯಲ್ಲೇ ಇದ್ದುಕೊಂಡು ಪ್ರಚಾರ ನೋಡಿಕೊಳ್ಳುತ್ತಿದ್ದವನು ಅವನೇ. ತಾನಿನ್ನೂ ಒಂದು ತುಣುಕೂ ನೋಡಿಲ್ಲ, ನಿಮ್ಮ ಜೊತೆಗೇ ಕೂತು ಹೆದರುತ್ತೇನೆ ಎಂದು ನಿನ್ನೆ ಬಂದವರಿಗೆಲ್ಲ ಹೇಳುತ್ತಾ ಓಡಾಡಿದ್ದ.

ಸಂಕಲನಕಾರ್ತಿ ಒಂದು ಪರದೆಯಲ್ಲಿ ಮುಖಗಳನ್ನೂ ಇನ್ನೊಂದರಲ್ಲಿ ಚಿತ್ರವನ್ನೂ ಜೊತೆಜೊತೆಗೆ ಓಡಿಸಿದಳು. ಪತ್ತೇದಾರರು ಚಿತ್ರಕ್ಕೆ ಬೆನ್ನು ಹಾಕಿ ಕೂತರು.

“ಈಗೇನು?”

“ಒಬ್ಬನ ತಲೆ ಹಾರ್ತು ಸರ್.”

ಇಡೀ ಸಭಾಂಗಣ ಅಲೆಯಂತೆ ಹಿಂದಕ್ಕೆ ವಾಲಿತು. ವಿಮರ್ಶಕರು ಮಾತ್ರ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು.

“ಈಗ?”

“ಈಗೇನಿಲ್ಲ. ನಾಯಕಿ ತಲೆ ಬಾಚ್ಕೊಂಡು ಮಲಗ್ತಾಳೆ.”

“ಸ್ವಲ್ಪ ಹಿಂದಕ್ಕೆ ಹೋಗಿ.”

ಹೋದಳು. ಒಬ್ಬಳು ಕನ್ನಡಕ ಒರೆಸುತ್ತಿದ್ದಳು. ಒಬ್ಬ ಫೋನು ತೆಗೆದ. ಅಳಿಯ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ. ಅವನ ಹಿಂದಿನಾಕೆ ಆಕಳಿಸಿದಳು. ಪತ್ತೇದಾರರು ಅದನ್ನೇ ಮತ್ತೆ ಹಾಕಿಸಿದರು. ಈ ಪತ್ತೇದಾರರಿಗೆ ತೂಕಡಿಕೆ ಬಂದಿರಬೇಕು, ನೋಡಿದ್ದೇ ಮರೆಯುತ್ತಿದ್ದಾರೆ ಎಂದುಕೊಂಡಳು ಅವಳು. ತನ್ನ ಬದುಕು ಇವರ ಕೈಯಲ್ಲಿ ಎಂದು ನೆನೆದು ಇನ್ನಷ್ಟು ಕುಸಿದಳು.

ಸಂಜೆ ಪತ್ತೇದಾರರು ಎಲ್ಲರನ್ನೂ ಕಚೇರಿಗೆ ಸೇರಿಸಿದರು. ಮೊದಲು ವಿಮರ್ಶಕರತ್ತ ತಿರುಗಿದರು.

“ನಿದ್ದೆ ಕೆಟ್ಟಿತು ಅಂತ ಬರೆದಿದ್ದೀರಿ. ನಿನ್ನೆ ಚೆನ್ನಾಗೇ ಬಂದಿತ್ತಲ್ಲ?”

ವಿಮರ್ಶಕರ ಮುಖ ಇಷ್ಟಾಯಿತು. ಚಿತ್ರ ತೋರಿಸುವಾಗ ನಿದ್ದೆ ಹೋದದ್ದು ನಿಜ, ಬೆಳಿಗ್ಗೆ ಮಗಳ ಫೋನಿಗೆ ಬಂದದ್ದನ್ನು ನೋಡಿ ಬರೆದದ್ದೂ ನಿಜ ಎಂದು ಒಪ್ಪಿಕೊಂಡರು. ಅಂದರೆ ಅವರು ನೋಡಿದ್ದು ಊರೆಲ್ಲ ನೋಡಿದ ಮೇಲೆ.

“ಹಾಗಾದ್ರೆ ಇವಳೇ,” ಎಂದರು ನಿರ್ದೇಶಕರು.

“ಅವಸರ ಬೇಡ. ನೀವೆಲ್ಲ ರಕ್ತ ಸುರಿಯೋ ಕಡೆ ಯಾರು ಹೇಗೆ ಹೆದರಿದ್ರು ಅಂತ ನೋಡಿದ್ರಿ. ಏನೂ ನಡೆಯದ ಕಡೆ ಯಾರು ನೋಡಿದ್ರಿ? ನಾಯಕಿ ತಲೆ ಬಾಚ್ತಾಳೆ, ಮಲಗ್ತಾಳೆ. ಮಧ್ಯದಲ್ಲಿ ಮೊದಲು ಏನಿತ್ತು ತಾಯಿ?”

ಅವಳು ತಲೆಯೆತ್ತಿದಳು. “ಹೊಲಿಗೆ ಯಂತ್ರದ ದೃಶ್ಯ.”

“ನಿನ್ನೆ ಅದು ಇರಲಿಲ್ಲ. ಜನ ಆಕಳಿಸಿದ್ರು. ಒಬ್ಬರು ಮಾತ್ರ ಮುಖ ಮುಚ್ಕೊಂಡ್ರು. ದೃಶ್ಯ ತೆಗೆದಿದ್ದು ಗೊತ್ತಿದ್ದೋರು ಮುಚ್ಕೊಳ್ಳಲ್ಲ. ಚಿತ್ರಾನೇ ನೋಡದೋರೂ ಮುಚ್ಕೊಳ್ಳಲ್ಲ. ಹಳೇ ಪ್ರತಿ ನೋಡಿ, ತೆಗೆದಿದ್ದು ಗೊತ್ತಿಲ್ಲದೋರು ಮುಚ್ಕೋತಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋರನ್ನ ಕಂಡಿದ್ದೆ. ಯಾರೂ ಏನೂ ಅನ್ನದೆ ಮುಟ್ಕೊಂಡೋರು ನೀವೇ ಮೊದಲು ಅಳಿಯಂದಿರೇ.”

“ಕಣ್ಣಿಗೇನೋ ಬಿದ್ದಿತ್ತು,” ಎಂದ ಅಳಿಯ.

“ಎರಡೂ ಕಣ್ಣಿಗಾ? ಆಮೇಲೆ ಬೆರಳ ಸಂದೀಲಿ ಇಣುಕಿದ್ರಿ. ಪಕ್ಕದೋರ ಮುಖ ನೋಡಿದ್ರಿ. ಮತ್ತೆ ಪರದೆ ನೋಡಿದ್ರಿ. ಬಡಿಸಿದ ಊಟ ತಟ್ಟೆಯಿಂದ ಮಾಯವಾದೋರ ಹಾಗಿತ್ತು ಮುಖ.”

ಅಳಿಯ ತಲೆ ತಗ್ಗಿಸಿದ. ಮಾತು ತುಂಡು ತುಂಡಾಗಿ ಬಂತು. ಮೊದಲ ಭಾಗದ ಹುಚ್ಚು ಅಭಿಮಾನಿಯಾಗಿದ್ದ ಅವನಿಗೆ ತಡೆಯಲಾಗಿರಲಿಲ್ಲ. ಹಿಂದಿನ ವಾರ ಮನೆಯಲ್ಲಿದ್ದ ಬೀಗದ ಕೈ ಒಯ್ದು, ಚಿತ್ರದ ಪ್ರತಿ ಮಾಡಿಕೊಂಡು ಗುಟ್ಟಾಗಿ ನೋಡಿದ್ದ. ನಿನ್ನೆ ಜೀವದಂಥ ದೃಶ್ಯವೇ ಇಲ್ಲ. ಹೊರಗೆ ಬಂದರೆ ಜನ ಜೋಗುಳ ಎನ್ನುತ್ತಿದ್ದಾರೆ. ಉರಿದುಹೋಯಿತು. ನಮ್ಮ ಚಿತ್ರ ನಿಜವಾಗಿ ಹೇಗಿತ್ತು ನೋಡಿ ಎಂದು ಗೆಳೆಯರಿಗೆ ಕಳಿಸಿದ. ಅವರೊಳಗೇ ಇರುತ್ತದೆಂದು ನಂಬಿದ್ದ.

“ನಿಮ್ಮ ಮಾನ ಉಳಿಸೋಕೇ ಮಾಡಿದ್ದು ಮಾವ.”

ನಿರ್ದೇಶಕರು ಕುರ್ಚಿಗೆ ಒರಗಿದರು. ಆಮೇಲೆ ಅವಳತ್ತ ನೋಡದೆಯೇ, “ಮನೆ ವಿಷಯ. ಇಲ್ಲಿಗೇ ಬಿಡೋಣ. ನೀನು ನಾಳೆಯಿಂದ ಕೆಲಸಕ್ಕೆ ಬಾಮ್ಮ,” ಎಂದರು.

“ಬರ್ತೀನಿ ಸರ್. ಆದ್ರೆ ನನ್ನ ಹೆಸರು ಹೊರಗೆ ಹೋಗಿದೆ. ಬೆಳಿಗ್ಗೆ ಯಾರ್ಯಾರಿಗೆ ಫೋನ್ ಮಾಡಿದ್ರೋ, ಅವರಿಗೆಲ್ಲ ಈಗ ನನ್ನೆದುರಿಗೇ ಮಾಡಿ.”

ಅವರು ಅಳಿಯನನ್ನು ನೋಡಿದರು, ಪತ್ತೇದಾರರನ್ನು ನೋಡಿದರು. ಪತ್ತೇದಾರರು ಮೇಜಿನ ಮೇಲಿದ್ದ ಫೋನನ್ನು ಮೆಲ್ಲಗೆ ಅವರತ್ತ ಸರಿಸಿದರು.

ಮೊದಲನೆಯ ನಿರ್ಮಾಪಕರು ಕರೆ ಎತ್ತಿಕೊಂಡರು. ತಾನು ಬೆಳಿಗ್ಗೆ ಹೇಳಿದ್ದು ತಪ್ಪು, ಆ ಹುಡುಗಿ ಅಲ್ಲ, ಬೇರೆ ಯಾರೋ ಎಂದರು ನಿರ್ದೇಶಕರು. ಆ ಕಡೆಯಿಂದ ಪ್ರಶ್ನೆ ಬಂದಿರಬೇಕು. ಅವರು ಕಣ್ಣು ಮುಚ್ಚಿಕೊಂಡರು.

“ನನ್ನ ಅಳಿಯ,” ಎಂದರು.