ಟೋಬಿಯಸ್‌ನ ಒಪ್ಪಿಗೆ

ಶನಿವಾರದ ಸಂತೆಯಲ್ಲಿ, ಚಿಕ್ಕಮ್ಮನ ಪೆರೋಗಿ ಕಡುಬಿನ ಅಂಗಡಿಯ ಮುಂದೆ ಟೋಬಿಯಸ್ ಫ್ರೀಸನ್ ಬಂದು ನಿಂತಾಗ ಲೆಸ್ಯಾಗೆ ಮೊದಲು ಆದದ್ದು ನಾಚಿಕೆಯಲ್ಲ, ಅನುಮಾನ.

ಕೆನಡಾದ ಸಾಸ್ಕಟೂನ್‌ನಲ್ಲಿ ಆ ಮುಖದ ಪರಿಚಯವಿಲ್ಲದವರು ಯಾರೂ ಇರಲಿಲ್ಲ. ಕ್ರೇನ್ಸ್ ಐಸ್ ಹಾಕಿ ತಂಡದ ಡಿಫೆಂಡರ್. ಎಂದೋ ಪಕ್ ಎಂಬ ರಬ್ಬರ್ ಬಿಲ್ಲೆ ಬಡಿದು ಮುರಿದ ಮೂಗು ಸ್ವಲ್ಪ ಎಡಕ್ಕೆ ವಾಲಿತ್ತು. ಫ್ರೀಸನ್ ಎಂಬ ಹೆಸರನ್ನು ತಿರುಚಿ ಊರಿನವರು ಪ್ರೀತಿಯಿಂದ ‘ಫ್ರೀಜರ್’ ಎನ್ನುತ್ತಿದ್ದರು.

ಲೆಸ್ಯಾ ಅದೇ ತಂಡದ ಆಫೀಸಿನಲ್ಲಿ ಆಟಗಾರರ ಸಂಬಳದ ಲೆಕ್ಕ ನೋಡುತ್ತಿದ್ದಳು. ಒಂದು ತಂಡದ ಎಲ್ಲ ಸಂಬಳ ಸೇರಿ ಇಷ್ಟನ್ನು ಮೀರಬಾರದೆಂದು ಲೀಗ್ ಮಿತಿ ಹಾಕಿರುತ್ತದೆ. ಅದೇ ಕ್ಯಾಪ್. ಗೋಲಿನ ಮೇಲೆ ಗೋಲು ಹೊಡೆದ ಎಳೆಯ ಆಟಗಾರನೊಬ್ಬನಿಗೆ ಈ ಬೇಸಿಗೆಯಲ್ಲಿ ದೊಡ್ಡ ಕಾಂಟ್ರಾಕ್ಟ್ ಕೊಡಲೇಬೇಕಿತ್ತು. ಕೊಟ್ಟರೆ ಕ್ಯಾಪ್ ಮೀರುತ್ತದೆ. ದೊಡ್ಡ ಸಂಬಳದ ಇನ್ನೊಬ್ಬ ಜಾಗ ಖಾಲಿ ಮಾಡಬೇಕು. ಯಾರು ಎಂದು ಮೀಟಿಂಗಿನಲ್ಲಿ ಕೇಳಿದಾಗ, “ಫ್ರೀಸನ್” ಎಂದವಳು ಲೆಸ್ಯಾ.

ಅದಾಗಿ ವಾರ ಕಳೆದಿರಲಿಲ್ಲ. ಅವನು ಇಲ್ಲಿ ಬಂದು, ಬಿಸಿ ಪೆರೋಗಿಯ ಹಬೆಯಾಚೆಯಿಂದ ಅವಳನ್ನು ನೋಡುತ್ತಿದ್ದ.

“ಇದರಲ್ಲಿ ಯಾವುದು ಚೆನ್ನಾಗಿದೆ?”

“ಎಲ್ಲಾನೂ. ಆಲೂಗಡ್ಡೆದು, ಚೀಸಿಂದು, ಹುಳಿ ಕೋಸಿಂದು.”

“ನಿಮಗೆ ಯಾವುದು ಇಷ್ಟ?”

“ಗಿರಾಕಿಗೆ ಇಷ್ಟ ಆಗಿದ್ದು.”

ಬಾಣಲೆಯ ಮುಂದಿದ್ದ ಚಿಕ್ಕಮ್ಮ ಓರಿಸ್ಯಾ ತಿರುಗಿಯೂ ನೋಡದೆ ಹೇಳಿದಳು. “ಅವಳನ್ನ ಏನೂ ಕೇಳಬೇಡಪ್ಪಾ. ಬಾಯಿಗೆ ಬೀಗ ಹಾಕ್ಕೊಂಡಿರೋದಕ್ಕೇ ಅವಳಿಗೆ ಆಫೀಸಲ್ಲಿ ಸಂಬಳ ಕೊಡೋದು. ಕೋಸಿಂದು ತಗೋ.”

“ಬೀಗದ ಕೈ ಯಾರ ಹತ್ರ ಇರುತ್ತೆ ಆಂಟಿ?”

“ಅದು ಸಿಕ್ಕಿದ್ರೆ ನಾನು ಅವಳಿಗೆ ಯಾವತ್ತೋ ಮದುವೆ ಮಾಡಿರ್ತಿದ್ದೆ.”

ಅವನು ನಕ್ಕ. ನಗುವಾಗ ಆ ವಾಲಿದ ಮೂಗು ಇನ್ನಷ್ಟು ವಾಲುತ್ತಿತ್ತು. ಲೆಸ್ಯಾ ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಅವನ ನೋಟ ತನ್ನ ಹಣೆಯ ಮೇಲೆ ನಿಂತಿದೆ ಎಂದು ತಲೆ ಎತ್ತದೆಯೂ ಗೊತ್ತಾಗುತ್ತಿತ್ತು.

ಮುಂದಿನ ಶನಿವಾರ ಮತ್ತೆ ಬಂದ. ಅಂಗಡಿ ಮುಚ್ಚುವಾಗ ಡಬ್ಬಗಳನ್ನು ವ್ಯಾನಿಗೆ ಎತ್ತಿಟ್ಟ. ಆಮೇಲೆ ಇಬ್ಬರೂ ನದಿ ದಂಡೆಯಲ್ಲಿ ನಡೆದರು. ಬೆರ್ರಿ ಪೈ ಕೊಂಡು, ಒಂದೇ ತಟ್ಟೆಯಲ್ಲಿ ತಿಂದರು. ಅವನು ತನ್ನ ಅಪ್ಪನ ಕನೋಲಾ ಎಣ್ಣೆಕಾಳಿನ ಹೊಲದ ಬಗ್ಗೆ, ಕೆರೆ ಹೆಪ್ಪುಗಟ್ಟಿದಾಗ ಅಣ್ಣಂದಿರು ತನ್ನನ್ನು ಬಲವಂತದಿಂದ ಗೋಲು ಕಾಯಲು ನಿಲ್ಲಿಸುತ್ತಿದ್ದುದರ ಬಗ್ಗೆ ಹೇಳಿದ. ಕಾಂಟ್ರಾಕ್ಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅದೇ ಅವಳನ್ನು ಕೊರೆಯತೊಡಗಿತು. ಊರಿನ ಟ್ಯಾಕ್ಸಿಯವರೂ ಯಾರು ಹೋಗ್ತಾರೆ, ಯಾರು ಉಳೀತಾರೆ ಎಂದು ಕೇಳುವ ಕಾಲ ಅದು. ಅವನೊಬ್ಬ ಕೇಳುತ್ತಿಲ್ಲವೆಂದರೆ, ತಾನಾಗಿಯೇ ಹೇಳಲಿ ಎಂದು ಕಾಯುತ್ತಿದ್ದಾನೆಯೇ?

ಪೈ ತಟ್ಟೆಯ ಪಕ್ಕದಲ್ಲಿದ್ದ ಅವಳ ಫೋನ್ ಮಿನುಗಿತು. ಅವನ ಕಣ್ಣು ಅತ್ತ ಹೋಗಿ ಬಂತು. ಅವಳು ಅದನ್ನು ಮಗುಚಿಟ್ಟಳು.

“ಯಾಕೆ ಮಗುಚಿದ್ದು?”

“ಬಿಸಿಲು ಬೀಳ್ತಿತ್ತು.”

“ಮೋಡ ಇದೆಯಲ್ಲ.”

ಅವನು ನಗುತ್ತಲೇ ಹೇಳಿದ. ಆದರೆ ಕಣ್ಣು ನಗುತ್ತಿರಲಿಲ್ಲ. ತಾನು ಅವನನ್ನು ಅಳೆಯುವಷ್ಟೇ ಅವನೂ ತನ್ನನ್ನು ಅಳೆಯುತ್ತಿದ್ದಾನೆ ಎಂದು ಅವಳಿಗೆ ಅಂದು ಹೊಳೆಯಿತು. ಆದರೂ ಹೊರಡುವಾಗ, ಗಾಳಿಗೆ ಹಾರಿದ ಅವಳ ಸ್ಕಾರ್ಫನ್ನು ಅವನು ಹಿಡಿದು, ಕೊಡಲು ಒಂದು ಗಳಿಗೆ ತಡ ಮಾಡಿದ. ಆ ತಡವನ್ನು ಅವಳು ಮನೆಯವರೆಗೂ ಹೊತ್ತುಕೊಂಡು ಹೋದಳು.

ಜೂನ್ ಮುಗಿಯುವ ಹೊತ್ತಿಗೆ ಜನರಲ್ ಮ್ಯಾನೇಜರ್ ಗಾರ್ನೆಟ್ ಡಾಯ್ಲ್ ಅವಳನ್ನು ಕರೆಸಿದ.

“ಫ್ಲೋರಿಡಾದ ತಂಡ ಫ್ರೀಸನ್‌ನ ತಗೊಳ್ಳೋಕೆ ರೆಡಿ. ಆದರೆ ಅವನ ಕಾಂಟ್ರಾಕ್ಟ್ ನಿನಗೆ ಗೊತ್ತಲ್ಲ. ಅವನು ಒಪ್ಪದೆ ಎಲ್ಲಿಗೂ ಕಳಿಸೋ ಹಾಗಿಲ್ಲ.”

“ಗೊತ್ತು.”

“ನೀವಿಬ್ಬರೂ ನದಿ ದಂಡೇಲಿ ಓಡಾಡಿದ್ದನ್ನ ಊರೇ ನೋಡಿದೆ.”

ಕೆಲಸ ಹೋಯಿತು ಎಂದುಕೊಂಡಳು ಲೆಸ್ಯಾ.

“ಒಳ್ಳೇದೇ ಆಯ್ತು,” ಎಂದ ಗಾರ್ನೆಟ್. “ಅವನಿಗೊಂದು ಮಾತು ಹೇಳು. ಅಲ್ಲಿ ಸಮುದ್ರ ಇದೆ, ಜನವರೀಲೂ ಬರೀ ಶರ್ಟಲ್ಲಿ ಓಡಾಡಬಹುದು. ನಿನ್ನ ಬಾಯಿಂದ ಬಂದ್ರೆ ಒಪ್ಕೋತಾನೆ.”

“ಒಪ್ಪದಿದ್ರೆ?”

“ಆಗ ನೀನು ಯಾರ ಕಡೆ ಅಂತ ನಾನು ಯೋಚನೆ ಮಾಡಬೇಕಾಗುತ್ತೆ.”

ಅವಳು ಆಫೀಸಿನಿಂದ ನೇರ ಅವನ ಮನೆಗೆ ಹೋದಳು. ರಾತ್ರಿ ಊಟದ ಹೊತ್ತಾಗಿದ್ದರೂ ಬಿಸಿಲು ಮಧ್ಯಾಹ್ನದಂತಿತ್ತು. ಹಿತ್ತಲಿನಲ್ಲಿ ಅವನು ಬೇಲಿಗೆ ಹೊಸ ಹಲಗೆ ಹೊಡೆಯುತ್ತಿದ್ದ.

“ಗಾರ್ನೆಟ್ ನನ್ನ ಕಳಿಸಿದ್ದಾರೆ,” ಎಂದಳು.

ಸುತ್ತಿಗೆ ನಿಂತಿತು. “ಗೊತ್ತಿತ್ತು, ಒಂದಲ್ಲ ಒಂದು ದಿನ ಕಳಿಸ್ತಾರೆ ಅಂತ. ಮೊದಲಿಂದಾನೂ ಅವರೇ ಕಳಿಸ್ತಿದ್ದಾರೇನೋ ಅಂತಾನೂ ಅನ್ನಿಸಿತ್ತು.”

“ಅಂಗಡಿಗೆ ಬಂದೋನು ನೀನು.”

ಅವನು ಸುತ್ತಿಗೆ ಕೆಳಗಿಟ್ಟ.

“ಇನ್ನೂ ಇದೆ, ಕೇಳು. ಮೀಟಿಂಗಲ್ಲಿ ನಿನ್ನ ಹೆಸರು ಹೇಳಿದ್ದು ನಾನೇ.”

ಅವನು ಹಲಗೆಗಳ ಮೇಲೆ ಮೆಲ್ಲಗೆ ಕುಳಿತ. “ಯಾಕೆ?”

“ವಯಸ್ಸಾಗ್ತಾ ಇದೆ, ಮಂಡಿ ಆಪರೇಷನ್ ಆಗಿದೆ, ಸಂಬಳ ದೊಡ್ಡದು. ಆಗ ನನಗೆ ನಿನ್ನ ಬಗ್ಗೆ ಗೊತ್ತಿದ್ದದ್ದು ಅಷ್ಟೇ.”

“ಈಗ?”

“ಮಂಡಿ ನೋವಾದಾಗ ಮೆಟ್ಟಿಲ ಮೇಲೆ ನಿಂತು, ನದಿ ನೋಡೋ ನಾಟಕ ಮಾಡ್ತೀಯ. ಈಗ ಅದೂ ಗೊತ್ತು.”

ಅವನ ತುಟಿ ಅಲುಗಿತು. ನಗು ಬರಲಿಲ್ಲ. “ನಂದೂ ಒಂದಿದೆ. ನನ್ನ ಏಜೆಂಟ್ ಹೇಳಿದ, ಆಫೀಸಿನ ಹುಡುಗಿ ಶನಿವಾರ ಸಂತೇಲಿ ಇರ್ತಾಳೆ, ಹೋಗಿ ಮಾತಾಡ್ಸು, ಏನಾದ್ರೂ ಬಾಯಿ ಬಿಡ್ತಾಳೆ ಅಂತ. ಅದಕ್ಕೇ ಬಂದಿದ್ದೆ.”

ಇಷ್ಟು ದಿನ ಅನುಮಾನಿಸಿದ್ದೇ ನಿಜವಾಗಿತ್ತು. ನಿಜವಾದಾಗ ಇಷ್ಟು ನೋಯುತ್ತದೆ ಎಂದು ಮಾತ್ರ ಅವಳು ಎಣಿಸಿರಲಿಲ್ಲ.

“ಎರಡನೇ ಸಲ?”

“ಎರಡನೇ ಸಲ ಅವನಿಗೆ ಹೇಳದೆ ಬಂದೆ. ಏನು ಗೊತ್ತಾಯ್ತು ಅಂತ ಕೇಳಿದ. ಏನೂ ಇಲ್ಲ, ಆ ಹುಡುಗಿ ಕಲ್ಲು ಅಂದೆ.”

“ನಿಜ ಹೇಳ್ತಿದೀಯ ಅಂತ ನಾನು ಹೇಗೆ ನಂಬಲಿ?”

“ನಂಬೋಕಾಗಲ್ಲ.”

ಅವಳು ಗೇಟಿನ ಕಡೆ ನಡೆದಳು. ಅಗುಳಿ ತೆಗೆಯುವಷ್ಟರಲ್ಲಿ ಅವನ ದನಿ ಬಂತು.

“ಲೆಸ್ಯಾ, ನಾನು ಹೋಗ್ತೀನಿ. ಫ್ಲೋರಿಡಾಗೆ.”

ಅವಳು ತಿರುಗಿದಳು. “ನಾನು ಹೋಗು ಅಂತ ಹೇಳಲೇ ಇಲ್ಲ.”

“ನೀನು ಹೇಳಿಲ್ಲ. ಈ ತಂಡದಲ್ಲಿ ಇರೋ ತನಕ ನಿನ್ನ ಒಂದೊಂದು ಮಾತನ್ನೂ ನಾನು ತೂಗಿ ನೋಡ್ತೀನಿ. ನೀನೂ ಹಾಗೇ ಮಾಡ್ತೀಯ. ಅಲ್ಲಿಂದ ಫೋನ್ ಮಾಡಿದ್ರೆ ಏನಕ್ಕೆ ಮಾಡಿದಾನೆ ಅಂತ ನೀನು ತಲೆ ಕೆಡಿಸ್ಕೊಬೇಕಾಗಿಲ್ಲ. ನಿನ್ನ ದನಿ ಕೇಳೋಕೆ ಅಂತ ಗೊತ್ತಿರುತ್ತೆ.”

ನಂಬಬೇಕೆಂದು ಅವಳಿಗೆ ತುಂಬ ಆಸೆಯಾಯಿತು. ಆದರೆ ಅಭ್ಯಾಸ ಬಿಡಲಿಲ್ಲ.

“ಊರು ಬಿಡ್ತಿರೋದು ನನಗೋಸ್ಕರಾನಾ?”

ಹೌದು ಎಂಬ ಮಾತು ಅವನ ತುಟಿಗೆ ಬಂದದ್ದನ್ನು ಅವಳು ಕಂಡಳು. ಅವನು ಅದನ್ನು ನುಂಗಿಕೊಂಡದ್ದನ್ನೂ ಕಂಡಳು.

“ಅರ್ಧ,” ಎಂದ ಅವನು. “ಇನ್ನರ್ಧ, ಅಲ್ಲಿ ರಾಜ್ಯದವರು ಆದಾಯ ತೆರಿಗೆ ಹಾಕಲ್ಲ. ಏಜೆಂಟ್ ಬೆಳಿಗ್ಗೆಯಿಂದ ಅದೊಂದನ್ನೇ ಕೊರೀತಿದಾನೆ.”

ಲೆಸ್ಯಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಗೇಟಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಕೊನೆಕೊನೆಗೆ ಆ ನೀರು ನಗುವಿನದೋ ಬೇರೆಯದೋ ಅವಳಿಗೂ ತಿಳಿಯಲಿಲ್ಲ.

“‘ಪೂರ್ತಿ ನಿನಗೋಸ್ಕರ’ ಅಂದಿದ್ರೆ ಹೊರಟು ಹೋಗ್ತಿದ್ದೆ,” ಎಂದಳು, ಅವನ ಬಳಿ ಬರುತ್ತಾ.

“ಹೇಳೋದರಲ್ಲಿದ್ದೆ.”

“ನೋಡಿದೆ.”

ಅವನು ಅವಳ ಕೈ ಹಿಡಿದ. ಅಂಗೈ ತುಂಬ ಮರದ ಪುಡಿ. ಅವಳು ಬಿಡಿಸಿಕೊಳ್ಳಲಿಲ್ಲ.

“ನಾಳೆ ಗಾರ್ನೆಟ್‌ಗೆ ಏನು ಹೇಳಲಿ?”

“ನಾನೇ ಹೇಳ್ತೀನಿ. ನೀನು ಸಮುದ್ರದ ಸುದ್ದೀನೇ ಎತ್ತಲಿಲ್ಲ ಅಂತಾನೂ ಹೇಳ್ತೀನಿ.”

“ಹೋಗೋನಿಗೆ ಬೇಲಿ ಯಾಕೆ ಬೇಕು?”

“ಮನೆ ಮಾರಲ್ಲ. ಬೇಸಿಗೆಗೆ ಬರ್ತೀನಲ್ಲ. ಈ ತುದಿ ಹಿಡ್ಕೋ.”

ಅವಳು ಹಲಗೆಯ ತುದಿ ಹಿಡಿದಳು. ಅವನು ಸುತ್ತಿಗೆ ಎತ್ತಿದ, ಆದರೆ ಕಣ್ಣು ಅವಳ ಮೇಲಿತ್ತು.

“ಮೊಳೆ ನೋಡು,” ಎಂದಳು.

“ಅದನ್ನೇ ನೋಡ್ತಿದೀನಿ.”

ಶುದ್ಧ ಸುಳ್ಳು. ಲೆಸ್ಯಾ ಬೆರಳುಗಳನ್ನು ಸ್ವಲ್ಪ ದೂರ ಸರಿಸಿಕೊಂಡಳು.