ಎರಡು ಉಸಿರಿನ ಹಾಡು

ಮತ್ತೆ ಅದೇ ಜಾಗದಲ್ಲಿ ಅವನು ಉಸಿರೆಳೆದುಕೊಂಡ.

ವಾದ್ಯವೃಂದದ ಅಭ್ಯಾಸ ನಡೆದಿದ್ದ ರಂಗಮಂದಿರದ ಖಾಲಿ ಸಾಲುಗಳಲ್ಲಿ ಕೂತಿದ್ದ ಎಲ್ವಿರಾಗೆ ಯಾರೋ ತನ್ನ ಮಾತನ್ನು ನಡುವೆ ಕಡಿದಂತಾಯಿತು. ಇದು ಅವಳು ವಾದ್ಯವೃಂದಕ್ಕಾಗಿ ರಚಿಸಿದ ಮೊದಲ ಕೃತಿ. ಶುಕ್ರವಾರ ಬೆಟ್ಟದ ಮೇಲಿನ ಲಾ ಪಾಸ್ ನಗರ ಅದನ್ನು ಕೇಳಲಿದೆ. ಓಬೋ ಎಂಬ ಕೊಳಲಿನಂಥ ವಾದ್ಯದಲ್ಲಿ ಒಂದೇ ಉಸಿರಲ್ಲಿ ಊದಬೇಕಾದ ಆ ಉದ್ದನೆಯ ರಾಗವೇ ಅದರ ಜೀವ. ಅಪ್ಪ ತೀರಿಕೊಂಡ ಚಳಿಗಾಲದಲ್ಲಿ ಬರೆದದ್ದು.

ಅವಳು ಎದ್ದು ನಿಂತಳು.

“ಅಲ್ಲಿ ಉಸಿರು ತಗೊಳ್ಳೋ ಗುರುತೇ ಹಾಕಿಲ್ಲ. ಕಾಣಲ್ವಾ ನಿಮಗೆ?”

ಓಬೋ ಕೆಳಗಿಳಿಸಿ ಅವನು ಅವಳತ್ತ ನೋಡಿದ. ಎರ್ವಿನ್ ಹುಸ್ತಿನಿಯಾನೊ. ಕೆಳಗಿನ ಬಯಲಿನ ಸಾಂತಾ ಕ್ರೂಸ್‌ನಿಂದ ಬಂದು ತಿಂಗಳೂ ಆಗಿರಲಿಲ್ಲ.

“ಚೆನ್ನಾಗೇ ಕಾಣುತ್ತೆ. ಇದನ್ನ ಬರೆದೋರಿಗೆ ಊದೋರ ಮೇಲೆ ಏನೋ ಹಳೇ ಸಿಟ್ಟಿರೋದೂ ಕಾಣುತ್ತೆ.”

ವಾದಕರೆಲ್ಲ ನಕ್ಕರು. ಎಲ್ವಿರಾಳ ಕಿವಿ ಬಿಸಿಯಾಯಿತು.

ಬಯಲಿನವರಿಗೆ ಬೆಟ್ಟದವರ ದುಃಖವೂ ತಮಾಷೆಯೇ...

ಅಭ್ಯಾಸ ಮುಗಿದದ್ದೇ ಅವಳು ವೃಂದದ ನಿರ್ದೇಶಕ ಉಗಾರ್ತೆಯ ಮುಂದೆ ನಿಂತಳು.

“ಮಾಯೆಸ್ತ್ರೊ, ಓಬೋಗೆ ಬೇರೆ ಯಾರನ್ನಾದ್ರೂ ಕರೆಸಿ.”

“ಹುಡುಗ ಚೆನ್ನಾಗಿ ಊದ್ತಾನಲ್ಲಮ್ಮ.”

“ಬೇಕಂತಲೇ ರಾಗಾನ ಕಡೀತಾನೆ.”

“ನಾಳೆ ಒಂದಿನ ನೋಡು. ಆಮೇಲೆ ನಿನ್ನಿಷ್ಟ.”

ತಿರುಗಿದರೆ ಬಾಗಿಲಲ್ಲಿ ಎರ್ವಿನ್. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ. ಓಬೋದ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಎಲ್ವಿರಾ ರಂಗಮಂದಿರಕ್ಕೆ ಹೋಗುವ ಕಡಿದಾದ ಮೆಟ್ಟಿಲುಬೀದಿ ಹತ್ತುತ್ತಿದ್ದಳು. ಮೆಟ್ಟಿಲುಗಳ ಅರ್ಧದಲ್ಲಿ ಅವನು ಕೂತಿದ್ದ. ತುಟಿ ಬಿಳಿಚಿತ್ತು. ಓಬೋದ ಪೆಟ್ಟಿಗೆ ಎದೆಗವಚಿಕೊಂಡಿದ್ದ. ಚಹಾ ಮಾರುವ ಮುದುಕಿ ಅವನ ಕೈಗೆ ಏದುಸಿರು ಇಳಿಸುವ ಕೋಕಾ ಎಲೆಯ ಕಷಾಯ ಕೊಡುತ್ತಿದ್ದಳು.

“ಕುಡಿ ಮಗನೇ. ನಿಮ್ಮೂರ ಗಾಳಿ ಗಂಜಿ, ನಮ್ಮೂರದು ತಿಳಿ. ದಿನಾ ಇಲ್ಲೇ ಕುಸೀತೀಯಲ್ಲ.”

ದಿನಾ...?

ಎಲ್ವಿರಾ ಅವನ ಪಕ್ಕ ಕುಳಿತಳು.

“ಯಾಕೆ ಹೇಳ್ಲಿಲ್ಲ?”

“ಬಯಲಿನವನಿಗೆ ನಾಲ್ಕು ಮೆಟ್ಟಿಲು ಹತ್ತೋಕೂ ಬರಲ್ಲ ಅಂತ ನಗ್ತಿದ್ರಿ.”

“ನಗ್ತಿದ್ದೆ,” ಎಂದು ಒಪ್ಪಿಕೊಂಡಳು.

ಅವನು ನಕ್ಕ. ಆ ನಗುವೂ ಉಸಿರು ಸಾಲದೆ ನಡುವೆ ಕಡಿದುಹೋಯಿತು.

“ನಿಮ್ಮ ರಾಗ ಕಡಿಯೋ ಆಸೆ ನನಗಿಲ್ಲ. ಇಂಥ ರಾಗ ನನ್ನ ಕೈಗೆ ಸಿಕ್ಕಿದ್ದು ಇದೇ ಮೊದಲು. ಬಿಟ್ಟುಕೊಡೋಕೂ ಮನಸ್ಸು ಬರ್ತಿಲ್ಲ... ಯಾರಿಗೋಸ್ಕರ ಬರೆದ್ರಿ?”

“ಅಪ್ಪನಿಗೆ. ಹಬ್ಬಗಳಲ್ಲಿ ಬಿದಿರಿನ ಸೀಕು ಊದ್ತಿದ್ರು.”

“ಒಬ್ಬರೇನಾ?”

“ಅಲ್ಲ...” ಎಂದವಳಿಗೆ ಥಟ್ಟನೆ ಹೊಳೆಯಿತು.

ಕೊಳವೆಗಳನ್ನು ಸಾಲಾಗಿ ಕಟ್ಟಿದ ಸೀಕುವನ್ನು ಯಾರೂ ಒಬ್ಬರೇ ಊದುವುದಿಲ್ಲ. ಅರ್ಧ ಸ್ವರಗಳು ಒಬ್ಬನ ಕೊಳವೆಗಳಲ್ಲಿ, ಉಳಿದರ್ಧ ಜೊತೆಗಾರನ ಕೊಳವೆಗಳಲ್ಲಿ. ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿಯಬೇಕು. ಅಪ್ಪನ ಜೊತೆಗಾರ ಚಿಕ್ಕಪ್ಪ ಸತುರ್ನಿನೊ. ತಮ್ಮ ಅಣ್ಣ ತೀರಿಕೊಂಡ ಮೇಲೆ ಅವರು ಸೀಕು ಮುಟ್ಟಿಯೇ ಇಲ್ಲ.

ಸಂಗೀತ ಶಾಲೆಯಲ್ಲಿ ಏನೆಲ್ಲ ಕಲಿತೆ. ಇದನ್ನೇ ಹೇಗೆ ಮರೆತೆ?

“ಅಪ್ಪನಿಗೆ ಅಂತ ಬರೆದು, ಅಪ್ಪನ್ನೇ ಒಂಟಿ ಮಾಡಿಬಿಟ್ಟೆ,” ಎಂದಳು. ಕಣ್ಣು ತುಂಬಿತ್ತು.

ಸ್ವರಲಿಪಿಯ ಹಾಳೆಗಳನ್ನು ಮೆಟ್ಟಿಲ ಮೇಲೆ ಹರಡಿದಳು. ರಾಗವನ್ನು ಪೆನ್ಸಿಲಿನಿಂದ ತುಂಡು ತುಂಡಾಗಿ ಹಂಚಿದಳು. ಒಂದು ಓಬೋಗೆ, ಮುಂದಿನದು ಕ್ಲಾರಿನೆಟ್‌ಗೆ.

“ಇಲ್ಲಿ ನೀವು ಬಿಡಿ. ಕ್ಲಾರಿನೆಟ್ ಹಿಡಿಯುತ್ತೆ.”

“ಈಗ ಕ್ಲಾರಿನೆಟ್ ಎಲ್ಲಿಂದ ತರಲಿ?”

“ನಾನು ಹಾಡ್ತೀನಿ.”

ಅವನು ಊದಿದ. ಅವನು ಬಿಟ್ಟಲ್ಲಿ ಅವಳ ದನಿ ಹಿಡಿಯಿತು. ಅವಳು ಹಾಡುವಷ್ಟು ಹೊತ್ತು ಅವನು ನಿರಾಳವಾಗಿ ಉಸಿರೆಳೆದುಕೊಂಡ. ಅವಳ ತುಟಿ ಮುಚ್ಚುವ ಗಳಿಗೆಗಾಗಿ ಅವನು ಕಾದ, ಅವನ ಬೆರಳು ಏಳುವ ಗಳಿಗೆಗಾಗಿ ಅವಳು... ಇಷ್ಟು ಹತ್ತಿರದಿಂದ ತನ್ನನ್ನು ಯಾರಾದರೂ ಕೇಳಿಸಿಕೊಂಡಿದ್ದಾರೆಯೇ?

ರಾಗ ಎಲ್ಲೂ ಕಡಿದುಹೋಗಲಿಲ್ಲ.

ಶುಕ್ರವಾರ ತುಂಬಿದ ಸಭೆಯಲ್ಲಿ ಓಬೋ ಬಿಟ್ಟಲ್ಲಿ ಕ್ಲಾರಿನೆಟ್ ಹಿಡಿಯಿತು. ಮುಂದಿನ ಸಾಲಿನಲ್ಲಿದ್ದ ಚಿಕ್ಕಪ್ಪ ಬೆಚ್ಚಿ ನೆಟ್ಟಗೆ ಕುಳಿತರು. ಆಮೇಲೆ ಅವರ ತುಟಿಗಳು ಮೆಲ್ಲನೆ ಊದತೊಡಗಿದವು, ತಮ್ಮ ಪಾಲಿನ ಸ್ವರಗಳನ್ನಷ್ಟೇ.

ಚಪ್ಪಾಳೆ ನಿಂತ ಮೇಲೆ ಎಲ್ವಿರಾ ಪರದೆಯ ಹಿಂದೆ ಎರ್ವಿನ್‌ನನ್ನು ಹುಡುಕಿಕೊಂಡು ಬಂದಳು.

“ಊರಿಗೆ ವಾಪಸ್ ಹೋಗ್ತೀಯಾ?”

“ಉಸಿರು ಸರಿಹೋಗೋವರೆಗೂ ಇರೋಣ ಅಂತಿದ್ದೀನಿ.”

“ಸರಿಹೋದ ಮೇಲೆ?”

ಅವನು ಅವಳ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ. ಅಲ್ಲಿ ಬಡಿತ ಓಡುತ್ತಿತ್ತು.

“ನೋಡು. ನೀನು ಹತ್ತಿರ ಇದ್ರೆ ಸರಿಹೋಗೋ ಲಕ್ಷಣವೇ ಇಲ್ಲ.”

“ಹಾಗಾದ್ರೆ ದೂರ ನಿಲ್ಲಲಾ?”

“ಬೇಡ,” ಎಂದ. “ಹೀಗೇ ಇರಲಿ.”