ಹೋಸ್ ಬಿಚ್ಚುವ ತನಕ

"ಕೀ ಕೊಡ್ರಿ" ಅಂದಳು.

ಕುರುಗೋಡು ರಸ್ತೆಯ ಪೈಪ್ ಫ್ಯಾಕ್ಟರಿಯಲ್ಲಿ ನಮ್ಮ ಮೊದಲ ಭೇಟಿ ಅದು. ಪೈಪಿನ ತುಕ್ಕು ತೊಳೆಯುವ ಆಸಿಡ್ ತಂದಿದ್ದೆ. ಟ್ಯಾಂಕರ್ ನಿಲ್ಲಿಸಿ ಇನ್ನೂ ಕೆಳಗಿಳಿದಿರಲಿಲ್ಲ. ಕಿಟಕಿಯ ಕೆಳಗೆ ಒಂದು ಕೈ, ದಪ್ಪ ರಬ್ಬರ್ ಗ್ಲೌಸಿನೊಳಗೆ.

"ಯಾಕ್ರಿ, ನಾನೇನು ಕಳ್ಳನಾ? ಇಲ್ಲಾ ನೀವೇ ಲಾರಿ ಹೊಡ್ಕೊಂಡು ಹೋಗ್ತೀರಾ?"

"ನನಗ ಸ್ಕೂಟಿನೂ ಬರಲ್ಲ. ಹೋಸ್ ಬಿಚ್ಚೋ ತನಕ ಕೀ ನನ್ನ ಹತ್ರ ಇರ್ಬೇಕು. ಹೋಸ್ ಹಚ್ಚಿರೋದು ಮರೆತು ನೀವು ಲಾರಿ ಎಳದ್ರ, ಮುಂದ ಏನಾಗ್ತೈತಿ ಗೊತ್ತಲ್ಲ?"

"ನಾನು ಮರೆಯಂಗಿಲ್ರಿ."

"ಮರೆತೋರೆಲ್ಲ ಹಂಗೇ ಅಂದಿದ್ರು."

ನನಗೆ ಸಿಟ್ಟು ಜಾಸ್ತಿ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟಿದ್ದೂ ಸಿಟ್ಟಿನಿಂದಲೇ. ಆದರೂ ಅವತ್ತು ಕೀ ಕೊಟ್ಟುಬಿಟ್ಟೆ. ಅವಳು ಅದನ್ನು ಐಡಿ ಕಾರ್ಡಿನ ದಾರಕ್ಕೆ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡಳು. ನನ್ನ ಲಾರಿ ಕೀ ಅಷ್ಟು ಚೆಂದ ಕಂಡಿದ್ದು ಅದೇ ಮೊದಲು.

ಹೆಸರು ಗುಲ್ನಾಜ್. ಸೇಫ್ಟಿ ಸೂಪರ್‌ವೈಸರ್, ಕಾಂಟ್ರಾಕ್ಟ್ ಮೇಲೆ. ಊರು ಕುರುಗೋಡು. ನಾನು ಫಾರೂಕ್, ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯವನು.

ಆಸಿಡ್ ಇಳಿಯುವಾಗ ಫೋನ್ ಮುಟ್ಟುವಂತಿಲ್ಲ. ಡ್ರೈವರ್ ಕ್ಯಾಬಿನ್ನಲ್ಲಿ ಕೂರುವಂತಿಲ್ಲ. ಸೂಪರ್‌ವೈಸರ್ ಜಾಗ ಬಿಟ್ಟು ಕದಲುವಂತಿಲ್ಲ. ಹೊಗೆ ಮುಖಕ್ಕೆ ಬರಬಾರದು ಅಂತ ಇಬ್ಬರೂ ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಗಾಳಿ ತಿರುಗಿದರೆ ಇಬ್ಬರೂ ಒಟ್ಟಿಗೆ ತಿರುಗಬೇಕು. ಈ ರೂಲ್ ಬರೆದ ಪುಣ್ಯಾತ್ಮ ಯಾರೋ, ಅವನು ಚೆನ್ನಾಗಿರಲಿ. ಬಳ್ಳಾರಿಯ ಯಾವ ಪಾರ್ಕಿನಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿ ಅಷ್ಟು ಹೊತ್ತು ಪಕ್ಕಪಕ್ಕ ನಿಲ್ಲೋಕೆ ಬಿಡ್ತಾರೆ ಹೇಳಿ?

ಅವಳ ಮುಖದ ಮುಂದೆ ಯಾವಾಗಲೂ ಪ್ಲಾಸ್ಟಿಕ್ ಶೀಲ್ಡು. ನಕ್ಕರೆ ನಗು ಕಾಣುತ್ತಿರಲಿಲ್ಲ, ಶೀಲ್ಡಿನ ಮೇಲೆ ಉಸಿರು ಮಂಜಾಗುತ್ತಿತ್ತು. ಆ ಮಂಜು ನೋಡೋಕೆ ಏನೇನೋ ಜೋಕು ಹೇಳುತ್ತಿದ್ದೆ.

ವಾಲ್ವ್ ಪೂರ್ತಿ ತಿರುವದೆ ಅರ್ಧಕ್ಕೇ ಬಿಡುತ್ತಿದ್ದೆ. ಟ್ಯಾಂಕರ್ ಖಾಲಿಯಾಗೋಕೆ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು.

"ಪೂರ್ತಿ ತಿರುವ್ರಿ."

"ನಿಧಾನಕ ಬಿಡ್ಬೇಕು ಅಂತ ನೀವೇ ಹೇಳಿದ್ರಲ್ಲ?"

"ಇಷ್ಟು ನಿಧಾನ ಅಂದಿಲ್ಲ. ನನಗೇನು ತಿಳಿಯಲ್ಲ ಅನ್ಕೊಂಡೀರಾ?"

ಶೀಲ್ಡಿನ ಮೇಲೆ ಮಂಜು. ನಾನು ಸ್ವಲ್ಪವೇ ಸ್ವಲ್ಪ ತಿರುವುತ್ತಿದ್ದೆ.

ಒಂದು ದಿನ ಅವಳಾಗಿಯೇ ಹೇಳಿದಳು. ಅವರಪ್ಪ ಅಮೀರಸಾಬ್ ಕೂಡ ಆಸಿಡ್ ಟ್ಯಾಂಕರ್ ಡ್ರೈವರ್. ಎಲ್ಲೋ ದೂರದ ಫ್ಯಾಕ್ಟರಿಯಲ್ಲಿ ಇಳಿಸುವಾಗ ಹೋಸ್ ಕಳಚಿ ಆಸಿಡ್ ಮುಖಕ್ಕೆ ಸಿಡಿಯಿತು. ನೋಡಿಕೊಳ್ಳಬೇಕಾದ ಸೂಪರ್‌ವೈಸರ್ ಚಹಾ ಕುಡಿಯೋಕೆ ಹೋಗಿದ್ದ. ನೀರಿನ ನಲ್ಲಿ ಎಲ್ಲಿದೆ ಅಂತ ತೋರಿಸುವವರೂ ಇರಲಿಲ್ಲ.

"ಅಪ್ಪ ಈಗ ನನ್ನ ಧ್ವನಿಯಿಂದ ನನ್ನ ಗುರುತು ಹಿಡೀತಾರ" ಅಂದಳು. "ಅದಕ್ಕೇ ಈ ಕೆಲಸಕ್ಕ ಸೇರಿದೆ. ನಾ ನಿಂತಿರೋ ಕಡೆ ಯಾರಿಗೂ ಹಂಗಾಗಬಾರದು."

ಅವತ್ತಿಂದ "ನೀವು" ಹೋಗಿ "ನೀನು" ಬಂತು.

ಮ್ಯಾನೇಜರ್ ಚನ್ನಬಸವರಾಜನಿಗೆ ಮಾತ್ರ ಎಲ್ಲದಕ್ಕೂ ಅರ್ಜೆಂಟು. ಮೊನ್ನೆ ಬೇಸಿಗೆಯಲ್ಲಿ ನನ್ನ ಟ್ಯಾಂಕರ್ ಅರ್ಧ ಇಳಿದಿದೆ, ಇನ್ನೊಬ್ಬ ಡ್ರೈವರ್ ವೀರೇಶನ ಟ್ಯಾಂಕರ್ ಬಂದು ನಿಂತಿತು.

"ಅದನ್ನೂ ಹಚ್ಚಿಸಮ್ಮ. ಎರಡನ್ನೂ ನೀನೇ ನೋಡ್ಕೋ."

"ಆಗಲ್ಲ ಸರ್. ಅದು ಆ ತುದಿಗೈತಿ, ಇದು ಈ ತುದಿಗೈತಿ. ಇದು ಮುಗಿಯೋ ತನಕ ನಾ ಕದಲಂಗಿಲ್ಲ."

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ, ಹಲ್ಲು ಬಿಟ್ಟ. "ಯಾಕೆ ಕದಲಲ್ಲ ಅಂತ ಇಡೀ ಫ್ಯಾಕ್ಟರಿಗೇ ಗೊತ್ತಮ್ಮ. ಇದು ರೂಲ್ ಅಲ್ಲ, ಲವ್ವು."

ಸುತ್ತ ನಿಂತವರು ನಕ್ಕರು. ನಾನು ಸ್ಪ್ಯಾನರ್ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟೆ.

"ಫಾರೂಕ್! ನಿಂದ್ರಲ್ಲೇ! ಹೋಸ್ ಹಚ್ಚೇತಿ!"

ನಿಂತೆ. ಇವತ್ತಿಗೂ ಆ ಎರಡು ಹೆಜ್ಜೆ ನನ್ನ ಕಾಲಲ್ಲೇ ಉಳಿದು ಉರಿಯುತ್ತಿವೆ. ಅವಳು ಅಲ್ಲೇ ನಿಂತಿದ್ದಕ್ಕೆ ನಾನು ಕಾರಣ ಅಲ್ಲ. ಅಲ್ಲಿ ನಾನಲ್ಲದೆ ಯಾವ ಮುದುಕ ಇದ್ದಿದ್ದರೂ ನಿಲ್ಲುತ್ತಿದ್ದಳು. ಅದನ್ನು ಯಾರಿಗೆ ಹೇಳಲಿ? ನಮ್ಮ ಪ್ರೀತಿ ನಿಜ ಆಗಿತ್ತಲ್ಲ, ಅದಕ್ಕೇ ಅವಳ ರೂಲು ಸುಳ್ಳಾಗಿಬಿಟ್ಟಿತು.

ತಿಂಗಳ ಕೊನೆಗೆ ಅವಳ ಕಾಂಟ್ರಾಕ್ಟ್ ಮುಗಿಯಿತು, ನಾಳೆಯಿಂದ ಬರಬೇಡ ಅಂದರು.

ಆ ಕೊನೆಯ ದಿನ ನನ್ನದೇ ಲೋಡು. ಕೀ ಕೊಟ್ಟೆ. ಗಾಲಿಗೆ ಕಟ್ಟಿಗೆ ಇಟ್ಟಳು, ನೀರಿನ ನಲ್ಲಿ ತಿರುವಿ ನೋಡಿದಳು, ಹೋಸಿನ ಬೋಲ್ಟು ಒಂದೊಂದಾಗಿ ಮುಟ್ಟಿದಳು. ನಾನು ವಾಲ್ವಿಗೆ ಕೈ ಹಾಕಿದೆ.

"ಫಾರೂಕ್."

"ಹೂಂ?"

"ಇವತ್ತು ಅರ್ಧಾನೇ ತಿರುವು."

ಅದಕ್ಕಿಂತ ದೊಡ್ಡ ಮಾತು ನನಗೆ ಇದುವರೆಗೆ ಯಾರೂ ಆಡಿಲ್ಲ.

ಗಾಳಿಗೆ ಬೆನ್ನು ಕೊಟ್ಟು ನಿಂತೆವು. ಅವಳ ಗ್ಲೌಸು ನನ್ನ ಗ್ಲೌಸಿಗೆ ತಾಗುವಷ್ಟು ಹತ್ತಿರ.

"ನಾಳೆ ಮನಿಗೆ ಬರ್ತೀನಿ. ನಿಮ್ಮಪ್ಪನ ಹತ್ರ ಕೇಳ್ತೀನಿ."

"ಬರಬ್ಯಾಡ."

"ಅವರು ಒಲ್ಲೆ ಅಂತಾರಾ?"

"ಅಪ್ಪಗ ಕೇಳೇನಿ. ನಿನ್ನಿಷ್ಟ ಅಂದ್ರು. ನಾನೇ ಒಲ್ಲೆ ಅನ್ನಾಕತ್ತೀನಿ."

"ಟ್ಯಾಂಕರ್ ಬಿಡ್ತೀನಿ ಗುಲ್ನಾಜ್."

"ಹೋದ ವರ್ಷ ಬಿಟ್ಟಿದ್ದಿ. ಬಳ್ಳಾರಿ ಜೀನ್ಸ್ ಯೂನಿಟ್‌ನ್ಯಾಗ ಸೇರಿದಿ, ಅದು ಬಾಗಿಲು ಹಾಕ್ತು, ಮತ್ತ ಸ್ಟೇರಿಂಗ್ ಹಿಡದಿ. ನಮ್ಮಪ್ಪನೂ ಹಿಂಗೇ ಬಿಟ್ಟು ಬಿಟ್ಟು ಹಿಡದಿದ್ರು."

"ಹಂಗಾದ್ರ ಡ್ರೈವರ್ ಆಗೇ ಇರ್ತೀನಿ. ಹುಷಾರಾಗಿ ಇರ್ತೀನಿ."

"ನೀ ಹುಷಾರಾಗಿದ್ರ ಸಾಲದು. ಪಕ್ಕದಾಗ ಒಬ್ರು ನಿಂತಿರ್ಬೇಕು. ಇಲ್ಲಿ ನಾ ನಿಂತಿದ್ದೆ. ಬೇರೆ ಕಡೆ ನೀ ಇಳಿಸುವಾಗ ಯಾರು ನಿಂತಿರ್ತಾರ? ಫೋನ್ ಬಂದಾಗೆಲ್ಲ ನಮ್ಮಮ್ಮ ಹೆಂಗ ನಡುಗ್ತಿದ್ಲು ನೋಡೇನಿ. ನನ್ನ ಕೈಲಿ ಆಗಲ್ಲೋ. ನೀ ಅಂದ್ರ ಜೀವ, ಅದಕ್ಕೇ ಆಗಲ್ಲ."

ಶೀಲ್ಡು ಪೂರ್ತಿ ಮಂಜಾಗಿತ್ತು. ಅವಳು ಅದನ್ನು ಎತ್ತಲಿಲ್ಲ, ಎತ್ತುವಂತಿರಲಿಲ್ಲ. ಆಸಿಡ್ ಇನ್ನೂ ಇಳಿಯುತ್ತಿತ್ತು.

ಬೈಯಬಹುದಿತ್ತು. ಯಾರನ್ನ ಬೈಯಲಿ? ಒಬ್ಬ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸೋಕೆ ಹಿಂದೆಮುಂದೆ ನೋಡುವ ಈ ದರಿದ್ರ ಲೋಕವನ್ನು ಬೈದೆ, ಮನಸ್ಸಿನಲ್ಲೇ.

ಹೋಸ್ ಗೊರಗೊರ ಅಂತು.

"ಖಾಲಿ ಆತು. ಬಿಚ್ಚು."

ಬಿಚ್ಚಿದೆ. ನೀರು ಹಾಕಿ ತೊಳೆದೆ, ಮುಚ್ಚಳ ಬಿಗಿದೆ. ಅವಳು ಕೊರಳಿಂದ ಕೀ ತೆಗೆದು ಚಾಚಿದಳು.

"ಇಟ್ಕೋ" ಅಂದೆ. "ನನಗ ಬ್ಯಾಡ."

"ಹೋಸ್ ಬಿಚ್ಚಿದ ಮ್ಯಾಲೆ ಇಟ್ಕಳಾಕ ನನಗ ಹಕ್ಕಿಲ್ಲ, ಫಾರೂಕ್."

ಕೀ ಬೆಚ್ಚಗಿತ್ತು.

ಈಗ ಆ ಫ್ಯಾಕ್ಟರಿಯಲ್ಲಿ ಯಾರೂ ಕೀ ಕೇಳುವುದಿಲ್ಲ. ಒಂದೇ ಸಲ ಎರಡೆರಡು ಟ್ಯಾಂಕರ್ ಇಳಿಸುತ್ತಾರೆ. ಅವಳನ್ನು ಸಿರುಗುಪ್ಪದ ಕಡೆ ಯಾರಿಗೋ ಕೊಟ್ಟರಂತೆ. ಅವನಿಗೆ ಕಿರಾಣಿ ಅಂಗಡಿಯಂತೆ. ಒಳ್ಳೆಯದೇ. ಬೆಲ್ಲ, ಬೇಳೆ ಯಾರ ಮುಖಕ್ಕೂ ಸಿಡಿಯುವುದಿಲ್ಲ.

ಮೊನ್ನೆ ಲಾರಿ ನಿಲ್ಲಿಸಿದವನೇ ಕೀ ಕಿತ್ತು, ಕಿಟಕಿಯಿಂದ ಕೈ ಹೊರಗೆ ಚಾಚಿಬಿಟ್ಟಿದ್ದೆ. ಕೆಳಗೆ ಯಾರೂ ಇರಲಿಲ್ಲ. ಪಕ್ಕದ ಟ್ಯಾಂಕರಿನಿಂದ ವೀರೇಶ ಕೂಗಿದ.

"ಏನ್ಲೇ ಫಾರೂಕ್, ಮಳಿ ಬಂತೇನು ನೋಡಾಕತ್ತೀಯ?"

"ಹೂಂ" ಅಂದೆ. ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.